ತೋಟಕ್ಕೆ ಕಳ್ಳ ಬಂದ್ರೆ ಕೋವಿ ಹೊಡೀಬಹುದಾ?

ಪ್ರಶ್ನೆ: ಸರ್, ನಮ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆ ಕೋವಿ ಇತ್ತು, ಹೋದ್ವರ್ಷ ಅಪ್ಪ ತೀರ್ಕೊಂಡ್ರು, ಕೋವಿ ಮನೇಲೇ ಇದೆ. ಈಗ ರಾತ್ರಿ ಅಡಿಕೆ ಕಳ್ಳರ ಕಾಟ. ಹೆದರಿಸೋಕಾದ್ರೂ ಹೊಡೀಬಹುದಾ? ಕೊಡಗಿನವರಿಗೆ ಲೈಸೆನ್ಸೇ ಬೇಡ್ವಂತಲ್ಲ?

ವಕೀಲರ ಉತ್ತರ: ಕಳ್ಳರ ಮಾತು ಆಮೇಲೆ, ಮೊದ್ಲು ಆ ಕೋವಿ ವಿಷಯ ನೋಡಿ. ಲೈಸೆನ್ಸ್ ಕೊಟ್ಟಿದ್ದು ನಿಮ್ಮ ಅಪ್ಪನಿಗೆ, ಮನೆಗಲ್ಲ. ಅವರು ಹೋದ್ಮೇಲೆ ಅದನ್ನ ತಡ ಮಾಡ್ದೆ ಪೊಲೀಸ್ ಸ್ಟೇಷನ್ನಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ರಾನೋ ಠೇವಣಿ ಇಡ್ಬೇಕಿತ್ತು, ಎಲೆಕ್ಷನ್ ಟೈಮಲ್ಲಿ ಇಡ್ತೀವಲ್ಲ ಹಾಗೆ. ಲೈಸೆನ್ಸಿಲ್ಲದೆ ಇಟ್ಕೊಂಡ್ರೆ, ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ್ಮೇಲೆ ಶಿಕ್ಷೆ 2ರಿಂದ 5 ವರ್ಷ. ಒಂದು ವರ್ಷ ಆಗೋಗಿದೆ, ಹಾಗಾಗಿ ಇವತ್ತೇ ನಿಮ್ಮೂರ ವಕೀಲರೊಬ್ಬರ ಹತ್ರ ಮಾತಾಡಿ, ಅವರ ಜೊತೆಗೇ ಹೋಗಿ ಒಪ್ಪಿಸಿ, ರಸೀದಿ ತಗೊಳ್ಳಿ, ಆಮೇಲೆ ನಿಮ್ಮ ಹೆಸರಿಗೆ ಲೈಸೆನ್ಸ್ ಬೇಕು ಅಂತ ಡಿಸಿ ಆಫೀಸಲ್ಲಿ ಅರ್ಜಿ ಹಾಕಿ.

ಈಗ ಹೊಡೆಯೋ ವಿಷಯ. ಭಾರತೀಯ ನ್ಯಾಯ ಸಂಹಿತೆ 34ರಿಂದ 44ನೇ ಸೆಕ್ಷನ್ ತನಕ ಸ್ವರಕ್ಷಣೆ ಹಕ್ಕು ಇದೆ, ಆಸ್ತಿ ಕಾಯೋಕೂ ಇದೆ, ಆದ್ರೆ ಎಷ್ಟು ಬೇಕೋ ಅಷ್ಟೇ. ರಾತ್ರಿ ಮನೆ ಬಾಗಿಲು ಮುರಿದು ನುಗ್ಗಿದ್ರೆ, ದರೋಡೆ ಮಾಡಿದ್ರೆ, ಮನೆಗೆ ಬೆಂಕಿ ಇಟ್ರೆ, ಆ ಹಕ್ಕು ಎದುರಿನವನ ಪ್ರಾಣ ತೆಗೆಯೋ ಮಟ್ಟಕ್ಕೂ ಹೋಗತ್ತೆ, 41ನೇ ಸೆಕ್ಷನ್ ಅದೇ ಹೇಳೋದು. ತೋಟದಲ್ಲಿ ಗೊನೆ ಕೊಯ್ಯೋನು ಆ ಸಾಲಿಗೆ ಸೇರಲ್ಲ. ಅವನು ಕತ್ತಿ ಎತ್ಕೊಂಡು ನಿಮ್ಮ ಮೇಲೆ ಬಂದು ಈಗ ನನ್ನ ಜೀವ ಹೋಗತ್ತೆ ಅನ್ಸಿದ್ರೆ ಲೆಕ್ಕ ಬೇರೆ, ಆದ್ರೆ ಮೂಟೆ ಬಿಟ್ಟು ಓಡ್ತಿರೋನ ಬೆನ್ನಿಗೆ ಹೊಡೆದು ಅವನು ಸತ್ರೆ ಕೊಲೆ ಕೇಸ್ ಬೀಳೋದು ನಿಮ್ಮ ಮೇಲೆ, ಸ್ವರಕ್ಷಣೆಗೆ ಹೊಡ್ದೆ ಅಂತ ಕೋರ್ಟಲ್ಲಿ ತೋರಿಸೋ ಹೊಣೆನೂ ನಿಮ್ಮದೇ. ಹೆದರಿಸೋಕೆ ಅಂತ ಕತ್ತಲಲ್ಲಿ ಹೊಡೆಯೋದೂ ಬೇಡ, ಚರೆ ಎಲ್ಲಿಗೆ ಹೋಗತ್ತೆ ಅಂತ ಯಾರಿಗೆ ಗೊತ್ತು, ಪಕ್ಕದ ತೋಟದವ್ರೂ ಕಾವಲಿಗೆ ಬಂದಿರ್ತಾರೆ. ಜನರ ಜೀವಕ್ಕೆ ಅಪಾಯ ಆಗೋ ಹಾಗೆ ಬೇಜವಾಬ್ದಾರಿಯಿಂದ ಹೊಡೆದ್ರೆ 2 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಲೈಟ್ ಹಾಕ್ಸಿ, ಅಕ್ಕಪಕ್ಕದವರನ್ನ ಕೂಗಿ, 112ಕ್ಕೆ ಫೋನ್ ಮಾಡಿ.

ಕೊಡಗಿನಲ್ಲಿ ವಿನಾಯ್ತಿ ಇರೋದು ಕೊಡವರಿಗೆ, ಜಮ್ಮಾ ಭೂಮಿ, ಅಂದ್ರೆ ಅಲ್ಲಿನ ವಂಶಪಾರಂಪರ್ಯ ಹಿಡುವಳಿ, ಇರೋರಿಗೆ. ಬ್ರಿಟಿಷರ ಕಾಲದಿಂದ ಬಂದಿದ್ದು, ಕೇಂದ್ರ ಸರ್ಕಾರ ಈಗ 2029ರ ತನಕ ಮುಂದುವರ್ಸಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ. ಅದು ಕೋವಿ ಇಟ್ಕೊಳ್ಳೋಕೆ ಮಾತ್ರ. ಮನುಷ್ಯರ ಮೇಲೆ ಹೊಡೆದ್ರೆ ಅವರಿಗೂ ಇದೇ ಕಾನೂನು.