ಬಿಸಿಲಲ್ಲಿ ಸೈಕಲ್: ಬರೀ ನೀರು ಸಾಲದು

ನಮಸ್ಕಾರ. ಏಪ್ರಿಲ್ ಬಿಸಿಲಲ್ಲಿ ಶ್ರೀರಂಗಪಟ್ಟಣದಿಂದ ಮಂಡ್ಯಕ್ಕೆ ಮಧ್ಯಾಹ್ನ ವಾಪಸ್ ಬರುವಾಗ ಎರಡು ಬಾಟಲಿ ನೀರು ಕುಡಿದರೂ ತಲೆನೋವು, ಸುಸ್ತು ಯಾಕೆ ಅಂತ ಕೇಳಿದ್ದೀರಿ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಅದು ತುಂಬುವುದಿಲ್ಲ. ಒಂದು ಬಾಟಲಿಯಲ್ಲಿ ನೀರಿರಲಿ, ಇನ್ನೊಂದರಲ್ಲಿ ಓಆರ್‌ಎಸ್ ಅಥವಾ ಉಪ್ಪು ಹಾಕಿದ ನೀರುಮಜ್ಜಿಗೆ. ಬಾಯಾರುವ ತನಕ ಕಾಯದೆ ಆಗಾಗ ಎರಡು ಗುಟುಕು ಕುಡಿಯಿರಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಮಾನ್ಯವಾಗಿ ಸಾಕು. ಎಳನೀರು ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಪ್ಪಿನಲ್ಲಿರುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿ ಹುರಿದ ಕಡಲೆಬೀಜ ಒಂದು ಹಿಡಿ ತಿನ್ನಿ. ಬಿಪಿ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ನೆರಳು ಕಡಿಮೆ ಅಲ್ವಾ? ಹಾಗಾಗಿ ದಯವಿಟ್ಟು ನಾಲ್ಕು ಗಂಟೆ ಮೇಲೆ ಹೊರಡಿ. ಹತ್ತಿ ಟವಲ್ಲು ನೆನೆಸಿ ಕತ್ತಿಗೆ ಸುತ್ತಿಕೊಳ್ಳಿ. ಗಾಳಿ ಬಡಿದಂತೆಲ್ಲ ತಣ್ಣಗಾಗುತ್ತದೆ.

ತಲೆ ಸುತ್ತಿದರೆ, ಆ ಬಿಸಿಲಲ್ಲೂ ಚಳಿ ಅನಿಸಿದರೆ, ಇನ್ನೇನು ನಾಲ್ಕು ಕಿಲೋಮೀಟರ್ ತಾನೇ ಅಂತ ತುಳಿಯಬೇಡಿ. ನೆರಳಲ್ಲಿ ಕೂತು ತಲೆ, ಕತ್ತು, ಕಂಕುಳಿಗೆ ನೀರು ಹಾಕಿಕೊಳ್ಳಿ. ಮಾತು ತೊದಲಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡುವಂತೆ ಜೊತೆಗಿರುವವರಿಗೆ ಮೊದಲೇ ಹೇಳಿಡಿ.