ಬಿಚ್ಚಿದ ಫಿಲ್ಟರ್ ಮತ್ತೆ ಕೂರಿಸುವಾಗ

ಮಳೆಗಾಲ ಕಳೆದು ಕರಾವಳಿಯ ಹೋಮ್‌ಸ್ಟೇ, ರೆಸಾರ್ಟುಗಳಲ್ಲಿ ಈಜುಕೊಳ ತೊಳೆಯುವ ಹೊತ್ತು ಬಂದಿದೆ. ಈ ಸಲದ ಪ್ರಶ್ನೆಗಳೆಲ್ಲ ಫಿಲ್ಟರಿಗೆ ಸಂಬಂಧಿಸಿದವು.

ಪ್ರಶ್ನೆ: ನಮ್ಮ ಹೋಮ್‌ಸ್ಟೇಯಲ್ಲಿ 24 ಇಂಚು ವ್ಯಾಸದ ಮರಳಿನ ಫಿಲ್ಟರ್ ಇದೆ, ವಾಲ್ವ್ ಟ್ಯಾಂಕಿನ ತಲೆಯ ಮೇಲಿದೆ. ಹಳೆ ಮರಳು ತೆಗೆದು, ಒಳಗೆಲ್ಲ ತೊಳೆದು, ಹೊಸ ಮರಳು ತುಂಬಿ ಜೋಡಿಸಿದೆವು. ಈಗ ಕೊಳಕ್ಕೆ ನೀರು ಬರುವ ಬಾಯಿಯ ಕೆಳಗೆ ಮರಳು ಬೀಳುತ್ತಿದೆ. ವಾಲ್ವಿನ ಬುಡದಿಂದ ನೀರೂ ಜಿನುಗುತ್ತಿದೆ. ಎಲ್ಲಿ ತಪ್ಪಾಗಿದೆ?
— ಓದುಗರು, ಗೋಕರ್ಣ

ಉತ್ತರ: ಇವು ಎರಡು ಬೇರೆ ಬೇರೆ ದೋಷಗಳು. ಮೊದಲು ಮರಳಿನದು ನೋಡೋಣ. ಕೊಳದ ತಳದಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ. ನುಣ್ಣಗೆ ಹಿಟ್ಟಿನಂತಿದ್ದು, ಒಂದೆರಡು ದಿನದಲ್ಲಿ ನಿಂತುಹೋದರೆ ಅದು ಹೊಸ ಮರಳಿನ ಧೂಳು. ಮೊದಲ ಸಲ ಪಂಪ್ ಹಾಕುವಾಗ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯುವುದು) ಮಾಡದೆ ವಾಲ್ವಿನ ಹಿಡಿಕೆಯನ್ನು ನೇರ ಫಿಲ್ಟರ್ ಸ್ಥಾನಕ್ಕೆ ಇಟ್ಟಿದ್ದರೆ ಹೀಗಾಗುತ್ತದೆ. ಕಾಳು ಗಟ್ಟಿಯಾಗಿ ಚುಚ್ಚುವಂತಿದ್ದು ದಿನವೂ ಬೀಳುತ್ತಿದ್ದರೆ ಟ್ಯಾಂಕಿನ ತಳದ ಲ್ಯಾಟರಲ್ ಒಡೆದಿದೆ, ಇಲ್ಲವೇ ನಡುವಿನ ಪೈಪು ತನ್ನ ಜಾಗದಿಂದ ಎದ್ದಿದೆ. ಲ್ಯಾಟರಲ್ ಎಂದರೆ ನಡುವಿನ ಪೈಪಿನ ಬುಡದಲ್ಲಿ ಸುತ್ತಲೂ ಚಾಚಿರುವ, ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ಕಡ್ಡಿಗಳು. ಅವು ಒಡೆಯುವುದು ಹೆಚ್ಚಾಗಿ ಮರಳು ಸುರಿಯುವಾಗಲೇ. ಒಣ ಟ್ಯಾಂಕಿಗೆ ಚೀಲ ಎತ್ತಿ ಸುರಿದರೆ ಅಷ್ಟೂ ಭಾರ ನೇರ ಅವುಗಳ ಮೇಲೆ ಬೀಳುತ್ತದೆ.

ಹಾಗಾಗಿ ಗಟ್ಟಿ ಕಾಳು ಬೀಳುತ್ತಿದ್ದರೆ ಮರಳು ಮತ್ತೆ ತೆಗೆಯದೆ ದಾರಿಯಿಲ್ಲ. ಈ ಸಲ ಹೀಗೆ ಮಾಡಿ. ಮೊದಲು ಪಂಪಿನ ಮೇನ್ ಸ್ವಿಚ್ ಇಳಿಸಿ, ಟ್ಯಾಂಕಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಒತ್ತಡ ಸೊನ್ನೆಗೆ ಬರಲಿ. ಆಮೇಲೆ ತಳದ ಡ್ರೈನ್ ಬಿಚ್ಚಿ. ಮರಳು ಖಾಲಿಯಾದ ಮೇಲೆ ಪ್ರತಿ ಲ್ಯಾಟರಲ್ಲನ್ನೂ ಕೈಯಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬದಲಾಯಿಸಿ. ಗೋಂದು ಹಾಕಿ ಅಂಟಿಸಿದ್ದು ನಿಲ್ಲುವುದಿಲ್ಲ. ಡ್ರೈನ್ ಮುಚ್ಚಳದ ಒಳಗಿನ ಜಾಳಿಗೆಯನ್ನು ಮರೆತರೆ ಮುಂದಿನ ಸಲ ಡ್ರೈನ್ ತೆರೆದಾಗ ನೀರಿನೊಂದಿಗೆ ಮರಳೂ ಹೊರಬರುತ್ತದೆ.

ನಡುವಿನ ಪೈಪನ್ನು ನೆಟ್ಟಗೆ ನಿಲ್ಲಿಸಿ, ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಟೇಪು ಸುತ್ತಿ. ಈ ಪೈಪಿನೊಳಗೆ ಬಿದ್ದ ಮರಳು ಸೀದಾ ಕೊಳಕ್ಕೆ ಹೋಗುತ್ತದೆ. ಟ್ಯಾಂಕಿಗೆ ಅರ್ಧದವರೆಗೆ ನೀರು ತುಂಬಿ, ಆಮೇಲೆ ಮರಳನ್ನು ಸ್ವಲ್ಪಸ್ವಲ್ಪವೇ ಸುತ್ತಲೂ ಸುರಿಯಿರಿ. ಒಬ್ಬರು ಪೈಪು ಹಿಡಿದುಕೊಂಡಿರಲಿ. ಲ್ಯಾಟರಲ್ ಮುಚ್ಚಿದ ಮೇಲೆ ಅದನ್ನು ಎಳೆಯುವಂತಿಲ್ಲ, ಎತ್ತುವಂತಿಲ್ಲ. 24 ಇಂಚಿನ ಟ್ಯಾಂಕಿಗೆ ಸಾಮಾನ್ಯವಾಗಿ 130ರಿಂದ 150 ಕೆಜಿ ಹಿಡಿಯುತ್ತದೆ, ಆದರೆ ಟ್ಯಾಂಕಿನ ಮೇಲಿನ ಫಲಕದಲ್ಲಿ ಬರೆದ ತೂಕವೇ ಕೊನೆಯ ಮಾತು. ಬಾಯಿಯವರೆಗೆ ತುಂಬಬೇಡಿ. ಬ್ಯಾಕ್‌ವಾಶ್ ಮಾಡುವಾಗ ಮರಳು ಎದ್ದು ಕದಡಲು ಮೇಲೆ ಜಾಗ ಬೇಕು. ಒಣ ಮರಳಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಟ್ಟಿಕೊಳ್ಳಿ.

ಈಗ ಜಿನುಗುವ ನೀರು. ವಾಲ್ವಿನ ಬುಡದ ಓ-ರಿಂಗ್ (ದುಂಡನೆಯ ರಬ್ಬರ್ ಉಂಗುರ) ಕೂರುವ ತೋಡಿನಲ್ಲಿ ಒಂದೇ ಒಂದು ಮರಳಿನ ಕಾಳು ಉಳಿದಿದ್ದರೂ ನೀರು ಬರುತ್ತದೆ. ಎಷ್ಟೇ ಬಿಗಿದರೂ ನಿಲ್ಲುವುದಿಲ್ಲ. ಬಿಗಿದಷ್ಟೂ ರಿಂಗ್ ಕತ್ತರಿಸುತ್ತದೆ. ತೋಡು, ಟ್ಯಾಂಕಿನ ಬಾಯಿ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ರಿಂಗನ್ನು ಮಡಚಿದಾಗ ಸಣ್ಣ ಬಿರುಕು ಕಂಡರೆ ಅಥವಾ ದುಂಡು ಹೋಗಿ ಚಪ್ಪಟೆಯಾಗಿದ್ದರೆ ಹೊಸತು ಹಾಕಿ. ಸಿಲಿಕೋನ್ ಗ್ರೀಸನ್ನು ತೆಳುವಾಗಿ, ರಿಂಗ್ ಬರೀ ಹೊಳೆಯುವಷ್ಟು ಹಚ್ಚಿದರೆ ಸಾಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ, ವ್ಯಾಸಲೀನ್, ಗಾಡಿಯ ಗ್ರೀಸ್ ಹಚ್ಚಬೇಡಿ. ಅವು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.

ನಡುವಿನ ಪೈಪಿನ ಬಾಯಿಗೆ ಕಟ್ಟಿದ ಚೀಲ ಬಿಚ್ಚಿ, ವಾಲ್ವನ್ನು ಅದರ ಮೇಲೆ ನೇರಕ್ಕೆ ಇಳಿಸಿ, ಕ್ಲಾಂಪ್ ಪಟ್ಟಿ ಹಾಕಿ. ಬೋಲ್ಟನ್ನು ಸ್ವಲ್ಪ ಬಿಗಿದು, ಪಟ್ಟಿಯ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಸ್ವಲ್ಪ ಬಿಗಿಯಿರಿ. ಹೀಗೆ ಮೂರ್ನಾಲ್ಕು ಸಲ ಮಾಡಿದರೆ ಪಟ್ಟಿ ಎಲ್ಲ ಕಡೆ ಸಮನಾಗಿ ಕೂರುತ್ತದೆ. ಕಡಲ ಗಾಳಿಗೆ ಬೋಲ್ಟು ತುಕ್ಕು ಹಿಡಿದಿದ್ದರೆ ಅದನ್ನೇ ಮತ್ತೆ ಬಳಸಬೇಡಿ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು ತನ್ನಿ.

ಈ ಬೋಲ್ಟಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ಯಾಂಕಿನೊಳಗೆ ಸಿಕ್ಕಿಕೊಂಡ ಗಾಳಿ ಒತ್ತಡದಲ್ಲಿ ಕುಗ್ಗಿ ನಿಂತಿರುತ್ತದೆ. ಪಟ್ಟಿ ಓರೆಯಾಗಿ ಕೂತಿದ್ದರೆ, ಬೋಲ್ಟು ಸವೆದಿದ್ದರೆ, ಮೇಲ್ಭಾಗವೇ ಸಿಡಿದು ಹಾರುತ್ತದೆ. ಜೀವ ಹೋಗುವಂಥ ಪೆಟ್ಟು ಅದು. ಪಂಪ್ ಹಾಕುವ ಮೊದಲು ಗಾಳಿ ಬಿಡುವ ತಿರುಪು ತೆರೆದಿರಲಿ. ಸ್ವಿಚ್ ಒತ್ತುವವರು ಟ್ಯಾಂಕಿನಿಂದ ದೂರ ನಿಲ್ಲಲಿ, ಮಕ್ಕಳು ಆ ಕೋಣೆಯ ಹತ್ತಿರವೂ ಬರಬಾರದು. ತಿರುಪಿನಿಂದ ಗುಳ್ಳೆಯಿಲ್ಲದೆ ಒಂದೇ ಸಮ ನೀರು ಬಂದ ಮೇಲಷ್ಟೇ ಮುಚ್ಚಿ.

ಮೊದಲು ಓಡಿಸಬೇಕಾದದ್ದು ಬ್ಯಾಕ್‌ವಾಶ್ ಸ್ಥಾನದಲ್ಲಿ, ವಾಲ್ವಿನ ಪಕ್ಕದ ನೋಟದ ಗಾಜಿನಲ್ಲಿ ತಿಳಿ ನೀರು ಕಾಣುವವರೆಗೆ, ಅಂದರೆ 2–3 ನಿಮಿಷ. ಪಂಪ್ ನಿಲ್ಲಿಸಿ, ಹಿಡಿಕೆಯನ್ನು ಪೂರ್ತಿ ಒತ್ತಿ ರಿನ್ಸ್‌ಗೆ (ಮರಳನ್ನು ಜಾಲಿಸುವ ಸ್ಥಾನಕ್ಕೆ) ತಿರುಗಿಸಿ, ಒಂದು ನಿಮಿಷ ಓಡಿಸಿ. ಮತ್ತೆ ನಿಲ್ಲಿಸಿ ಫಿಲ್ಟರ್ ಸ್ಥಾನಕ್ಕೆ ತನ್ನಿ. ಆಗ ಒತ್ತಡದ ಗೇಜ್ ತೋರಿಸುವ ಅಂಕಿಯನ್ನು ಮಾರ್ಕರಿನಲ್ಲಿ ಟ್ಯಾಂಕಿನ ಮೇಲೆಯೇ ಬರೆದಿಡಿ. ಅದಕ್ಕಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿದರೆ ಸರಿ.

ಪ್ರಶ್ನೆ: ಫಿಲ್ಟರ್ ಮರಳು ತರಿಸಲು ಖರ್ಚು ಹೆಚ್ಚು. ಕಾಳಿ ಹೊಳೆಯ ಮರಳನ್ನೋ ಕಡಲತೀರದ್ದನ್ನೋ ಜರಡಿ ಹಿಡಿದು ಹಾಕಬಹುದೇ?
— ಓದುಗರು, ಕಾರವಾರ

ಉತ್ತರ: ಬೇಡ. ಫಿಲ್ಟರಿಗೆ ಬೇಕಾದದ್ದು ಒಂದೇ ಗಾತ್ರದ, ಮೂಲೆಗಳಿರುವ ಸಿಲಿಕಾ ಕಾಳು. ಹೆಚ್ಚಿನ ಫಿಲ್ಟರುಗಳಿಗೆ 0.45ರಿಂದ 0.55 ಮಿ.ಮೀ. ಹೊಳೆಯ ಮರಳಿನಲ್ಲಿ ದಪ್ಪ, ಸಣ್ಣ ಎಲ್ಲ ಬೆರೆತಿರುತ್ತದೆ: ಸಣ್ಣದು ಸೀಳಿನಿಂದ ನುಸುಳಿ ಕೊಳಕ್ಕೆ ಬರುತ್ತದೆ, ದಪ್ಪದ್ದು ಕೊಳೆಯನ್ನು ತಡೆಯುವುದಿಲ್ಲ. ಅಡುಗೆಮನೆಯ ಜರಡಿಯಲ್ಲಿ ಈ ಅಳತೆ ಸಿಗದು. ತೀರದ ಮರಳಿನಲ್ಲಿ ಚಿಪ್ಪಿನ ಚೂರಿರುತ್ತದೆ. ಒಂದು ಚಮಚ ಮರಳಿಗೆ ವಿನೆಗರ್ ಹನಿಸಿ, ನೊರೆ ಬಂದರೆ ಅದು ಸುಣ್ಣದ ಅಂಶ. ಅದು ಕೊಳದ ನೀರಿನಲ್ಲಿ ಕರಗಿ ಗಡಸುತನ ಏರಿಸುತ್ತದೆ. ಒಳ್ಳೆಯ ಮರಳು 5ರಿಂದ 7 ವರ್ಷ ಬಾಳುತ್ತದೆ. ಆ ಲೆಕ್ಕ ಹಾಕಿದರೆ ಖರ್ಚು ದೊಡ್ಡದಲ್ಲ.

ಪ್ರಶ್ನೆ: ನಮ್ಮದು ಸಣ್ಣ ಕೊಳ, ಮಡಿಕೆ ಬಟ್ಟೆಯ ಕಾರ್ಟ್ರಿಜ್ ಫಿಲ್ಟರ್. ತೊಳೆದು ಹಾಕಿದ ಮೇಲೂ ನೀರು ತಿಳಿಯಾಗುತ್ತಿಲ್ಲ. ಗೇಜ್ ಹೊಸದರಲ್ಲಿ ತೋರಿಸುತ್ತಿದ್ದುದಕ್ಕಿಂತ ಬಹಳ ಕೆಳಗಿದೆ.
— ಓದುಗರು, ಶಿರಸಿ

ಉತ್ತರ: ಕಾರ್ಟ್ರಿಜ್ ತನ್ನ ಗೂಟದ ಮೇಲೆ ಪೂರ್ತಿ ಕೂತಿಲ್ಲ. ಪಕ್ಕದ ಸಂದಿನಿಂದ ನೀರು ಸೋಸದೆಯೇ ದಾಟಿಹೋಗುತ್ತಿದೆ, ಅದಕ್ಕೇ ಒತ್ತಡ ಕಡಿಮೆ. ಪಂಪಿನ ಮುಂದಿನ ಬುಟ್ಟಿಯಲ್ಲಿ ಎಲೆ ಕಟ್ಟಿಕೊಂಡರೂ ಗೇಜ್ ಇಳಿಯುತ್ತದೆ. ಮೊದಲು ಅದನ್ನು ನೋಡಿ. ಆಮೇಲೆ ಫಿಲ್ಟರ್ ಬಿಚ್ಚಿ, ತಳದಲ್ಲಿ ಕಸ ಇದ್ದರೆ ತೆಗೆದು, ಕಾರ್ಟ್ರಿಜ್ಜನ್ನು ಒತ್ತಿ ತಿರುಗಿಸಿ ಕೂರಿಸಿ. ಮುಚ್ಚಳದ ಉಂಗುರವನ್ನು ಗುರುತು ಸೇರುವವರೆಗೆ ಕೈಯಿಂದಲೇ ಬಿಗಿಯಿರಿ.

ತೊಳೆಯುವ ವಿಧಾನವನ್ನೂ ಹೇಳಬೇಕು. ತೋಟದ ಪೈಪನ್ನು ಓರೆ ಹಿಡಿದು ಮಡಿಕೆಗಳ ಉದ್ದಕ್ಕೆ ಮೇಲಿಂದ ಕೆಳಗೆ ನೀರು ಬಿಡಿ. ಗಾಡಿ ತೊಳೆಯುವ ಪ್ರೆಶರ್ ಯಂತ್ರದಿಂದ ಬಟ್ಟೆಯ ಎಳೆ ಹರಿಯುತ್ತದೆ. ಮೈಗೆ ಹಚ್ಚಿದ ಎಣ್ಣೆ, ಸನ್‌ಸ್ಕ್ರೀನ್ ಅಂಟಿದ್ದರೆ ಫಿಲ್ಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ. ಆಸಿಡ್ ಬೇಕಾಗುವುದು ಬಿಳಿ ಸುಣ್ಣ ಕಟ್ಟಿದಾಗ ಮಾತ್ರ, ಅದೂ ಜಿಡ್ಡು ಹೋದ ಮೇಲೆ. ಮೊದಲೇ ಹಾಕಿದರೆ ಜಿಡ್ಡು ಅಲ್ಲೇ ಗಟ್ಟಿಯಾಗುತ್ತದೆ. 20 ಪಾಲು ನೀರಿಗೆ 1 ಪಾಲು ಆಸಿಡ್ ಸುರಿಯಿರಿ, ಆಸಿಡ್ಡಿಗೆ ನೀರನ್ನಲ್ಲ. ಕ್ಲೋರಿನ್ ಇದ್ದ ಬಕೆಟ್ಟಿನಲ್ಲಿ ಮಾತ್ರ ಈ ಕೆಲಸ ಮಾಡಲೇಬೇಡಿ, ವಿಷಗಾಳಿ ಏಳುತ್ತದೆ.

ಪ್ರಶ್ನೆ: ಫಿಲ್ಟರ್ ಸ್ಥಾನದಲ್ಲಿದ್ದಾಗಲೂ ಬ್ಯಾಕ್‌ವಾಶ್ ನೀರು ಹೊರಹೋಗುವ ಪೈಪಿನಿಂದ ನೀರು ಹನಿಯುತ್ತಲೇ ಇದೆ. ಕೊಳದ ಮಟ್ಟ ಇಳಿಯುತ್ತಿದೆ.
— ಓದುಗರು, ಕುಮಟಾ

ಉತ್ತರ: ವಾಲ್ವಿನೊಳಗಿನ ಚಕ್ರದ ಕಡ್ಡಿಗಳಂತಿರುವ ಗ್ಯಾಸ್ಕೆಟ್ ಹರಿದಿದೆ ಅಥವಾ ತೋಡಿನಿಂದ ಎದ್ದಿದೆ. ಪಂಪ್ ಓಡುತ್ತಿರುವಾಗ ಹಿಡಿಕೆ ತಿರುಗಿಸುವುದೇ ಇದಕ್ಕೆ ಮುಖ್ಯ ಕಾರಣ. ಪಂಪ್ ನಿಲ್ಲಿಸಿ, ಒತ್ತಡ ಇಳಿಸಿ, ವಾಲ್ವಿನ ಮುಚ್ಚಳಕ್ಕೂ ಮೈಗೂ ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಆಮೇಲೆ ಸ್ಕ್ರೂ ಬಿಚ್ಚಿ. ಗೆರೆ ಇಲ್ಲದೆ ಮುಚ್ಚಿದರೆ ಹಿಡಿಕೆ ಒಂದು ಸ್ಥಾನ ತೋರಿಸುತ್ತದೆ, ನೀರು ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಸ್ಪ್ರಿಂಗ್, ವಾಶರುಗಳ ಕ್ರಮದ ಫೋಟೋ ತೆಗೆದಿಟ್ಟುಕೊಳ್ಳಿ. ತೋಡು ಒರೆಸಿ ಹೊಸ ಗ್ಯಾಸ್ಕೆಟ್ ಕೂರಿಸಿ, ಸ್ಕ್ರೂಗಳನ್ನು ಸುತ್ತಿನ ಕ್ರಮದಲ್ಲಿ ಅಲ್ಲ, ಎದುರುಬದುರಾಗಿ ಬಿಗಿಯಿರಿ.

ಪ್ರಶ್ನೆ: ಬ್ಯಾಕ್‌ವಾಶ್ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದೇ?
— ಓದುಗರು, ಅಂಕೋಲಾ

ಉತ್ತರ: ಹಸಿಹಸಿಯಾಗಿ ಬೇಡ. ತೊಟ್ಟಿಯಲ್ಲಿ ಕೆಲವು ದಿನ ಬಿಸಿಲಿಗೆ ನಿಲ್ಲಿಸಿ, ಪರೀಕ್ಷೆಯ ಕಿಟ್ಟಿನಲ್ಲಿ ಕ್ಲೋರಿನ್ ಸೊನ್ನೆ ಬಂದ ಮೇಲೆ ಬಿಡಿ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ನಿಮ್ಮಲ್ಲಿದ್ದರೆ ತೋಟಕ್ಕೆ ಬಿಡಲೇಬೇಡಿ, ಉಪ್ಪು ನಿಲ್ಲಿಸಿಟ್ಟರೆ ಹೋಗುವುದಿಲ್ಲ. ಇಂಗುಗುಂಡಿ ತೋಡುವುದಾದರೆ ಬಾವಿಯಿಂದ ಸಾಧ್ಯವಾದಷ್ಟು ದೂರ ತೋಡಿ. ಚಿರೆಕಲ್ಲಿನ ನೆಲದಲ್ಲಿ ನೀರು ಬೇಗ ಇಳಿದು ಬಾವಿ ಸೇರುತ್ತದೆ.