ಪೆಟ್ಟು ಬಿದ್ದ ಮೇಲೆ ಯಜಮಾನರು ಮೊದಲಿನ ಹಾಗಿಲ್ಲ, ಯಾಕೆ?

ಪ್ರಶ್ನೆ: ಎಂಟು ತಿಂಗಳ ಹಿಂದೆ ನಮ್ಮ ಯಜಮಾನರು ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾಗಿತ್ತು. ಗಾಯ ಮಾಯಿದೆ. ಅಂಗಡಿ ಲೆಕ್ಕ ತಪ್ಪಿಲ್ಲದೆ ಮಾಡುತ್ತಾರೆ. ಆದರೆ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಯಿತು ಅಂತ ತಟ್ಟೆ ಎಸೆಯುತ್ತಾರೆ. ಅರ್ಧ ಗಂಟೆಗೆ ಏನೂ ಆಗದವರಂತೆ ಕಾಫಿ ಕೇಳುತ್ತಾರೆ. ಅತ್ತೆ ಗಾಳಿ ಸೋಕಿದೆ ಅಂತಾರೆ, ಮೈದುನ ‘ಅಣ್ಣ ಬೇಕಂತಲೇ ಮಾಡ್ತಾನೆ’ ಅಂತಾರೆ. ಯಾವುದು ನಿಜ?

ಉತ್ತರ: ಎರಡೂ ಅಲ್ಲಮ್ಮ. ನೀವು ಬರೆದಿರುವುದು ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ನಾವು ಪದೇ ಪದೇ ನೋಡುವ ಸಂಗತಿ. ಉಪ್ಪಿಲ್ಲದ ಉಪ್ಪಿಟ್ಟು ತಿಂದರೆ ನಿಮಗೂ ನನಗೂ ಸಿಟ್ಟು ಬರುತ್ತದೆ. ಆದರೆ ಕೈ ತಟ್ಟೆಗೆ ಹೋಗುವ ಮೊದಲೇ ಒಳಗಿನಿಂದ ಏನೋ ‘ಇರಲಿ ಬಿಡು’ ಅನ್ನುತ್ತದೆ. ಹಾಗೆ ತಡೆಯುವುದು ಹಣೆಯ ಹಿಂದಿರುವ ಆ ಭಾಗದ ಕೆಲಸ. ಲೆಕ್ಕ, ಹಳೆಯ ನೆನಪು ಉಳಿದು ಈ ತಡೆ ಮಾತ್ರ ಸಡಿಲವಾಗಬಹುದು. ಅದಕ್ಕೇ ನೋಡುವವರಿಗೆ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ತಾನು ಬದಲಾಗಿದ್ದೇನೆ ಅಂತ ಎಷ್ಟೋ ಸಲ ಅವರಿಗೇ ಗೊತ್ತಾಗುವುದಿಲ್ಲ.

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಫಿನಿಯಸ್ ಗೇಜ್ ಎಂಬ 25 ವರ್ಷದ ರೈಲು ದಾರಿ ಮೇಸ್ತ್ರಿ ಇದ್ದ. ಬಂಡೆಗೆ ಮದ್ದು ತುಂಬುವಾಗ ಅದು ಸಿಡಿದು, 3 ಅಡಿ 7 ಇಂಚಿನ ಕಬ್ಬಿಣದ ಹಾರೆ ಅವನ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯಿಂದ ಹೊರಬಂತು. ಅವನು ಬದುಕಿದ. ಆದರೆ ಗೆಳೆಯರು ‘ಇವನು ನಮ್ಮ ಗೇಜ್ ಅಲ್ಲ’ ಅಂದರು. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಅದೇ ಬೇಜಾರು. ಮುಂದೆ ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆ ಗಾಡಿ ಓಡಿಸಿದ. ದಿನವೂ ಅದೇ ಕೆಲಸ, ಅದೇ ಹೊತ್ತು. ಆ ಕ್ರಮವೇ ಅವನನ್ನು ಹಿಡಿದು ನಿಲ್ಲಿಸಿರಬೇಕು ಅಂತ ನನಗನಿಸುತ್ತದೆ.

ನಿಮ್ಮ ಮನೆಯಲ್ಲೂ ಹಾಗೇ ಮಾಡಿ. ಸ್ನಾನ, ತಿಂಡಿ, ಅಂಗಡಿ ದಿನವೂ ಒಂದೇ ಹೊತ್ತಿಗೆ ಇರಲಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಊಟದ ಹೊತ್ತಿಗೆ ಟಿವಿ ಬೇಡ, ಗದ್ದಲಕ್ಕೆ ಇವರು ಬೇಗ ಕೆರಳುತ್ತಾರೆ. ಸಿಟ್ಟು ಬಂದಾಗ ವಾದ ಮಾಡಬೇಡಿ, ಪಕ್ಕದ ಕೋಣೆಗೆ ಹೋಗಿ. ಕೈ ಎತ್ತಿದರೆ ಸಹಿಸಿಕೊಂಡು ಕೂರಬೇಡಿ, ಮಕ್ಕಳಿದ್ದರೆ ಕರೆದುಕೊಂಡು ಹೊರಗೆ ಬನ್ನಿ. ಕುಡಿತ ಪೂರ್ತಿ ನಿಲ್ಲಬೇಕು. ಡಾಕ್ಟರು ಹೇಳುವವರೆಗೆ ಬೈಕ್ ಬೇಡ.

ನರರೋಗ ತಜ್ಞರಿಗೆ ಇನ್ನೊಮ್ಮೆ ತೋರಿಸಿ. ಸಿಟ್ಟಿಗೆ ಮಾತ್ರೆಗಳೂ ಇವೆ, ತರಬೇತಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪುನಶ್ಚೇತನ ವಿಭಾಗವಿದೆ. ತಲೆನೋವು ಜಾಸ್ತಿಯಾಗುತ್ತಿದ್ದರೆ, ವಾಂತಿ, ವಿಪರೀತ ಮಂಪರು ಅಥವಾ ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಉತ್ತರವನ್ನು ಮೈದುನನಿಗೂ ಓದಿಸಿ. ವಾರಕ್ಕೆ ಎರಡು ದಿನ ಅಣ್ಣನ ಜೊತೆ ಅಂಗಡಿಯಲ್ಲಿ ಕೂರಲಿ. ಆ ಹೊತ್ತು ನೀವು ಸುಮ್ನೆ ಮಲಗಿ. ತೀರಾ ಸಾಕಾಗಿದೆ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.